ಫೋಕಸ್ ಫೈನ್ ಟ್ಯೂನ್ ಮಾಡಿಸುವ ನಮ್ಮ ಗ್ರಾಹಕರಿಗೆ: ದರ ಯಾಕೆ ಏರಿತು, ಒಂದು ದಿನ ಯಾಕೆ ಬೇಕು

ಪ್ರೀತಿಯ ಗ್ರಾಹಕರೇ,

ಈ ತಿಂಗಳ ಒಂದನೇ ತಾರೀಖಿನಿಂದ ಲೆನ್ಸಿನ ಫೋಕಸ್ ಫೈನ್ ಟ್ಯೂನ್, ಅಂದರೆ ಫೋಕಸ್ ಹಿಂದೆ ಮುಂದೆ ಬೀಳುವುದನ್ನು ಮೆನುವಿನ ಒಂದು ನಂಬರಿನಿಂದ ತಿದ್ದುವ ಕೆಲಸವನ್ನು ಕೌಂಟರಿನಲ್ಲೇ ನಿಲ್ಲಿಸಿಕೊಂಡು ಮಾಡಿಕೊಡುವುದನ್ನು ಬಿಟ್ಟಿದ್ದೇವೆ. ಕ್ಯಾಮೆರಾ, ಲೆನ್ಸ್ ಎರಡನ್ನೂ ಒಂದು ದಿನ ನಮ್ಮಲ್ಲಿ ಬಿಟ್ಟು ಹೋಗಬೇಕು. ದರವೂ ಬದಲಾಗಿದೆ. ಇಷ್ಟು ದಿನ ಯಾವ ಲೆನ್ಸ್ ತಂದರೂ 300 ರೂಪಾಯಿ ಇತ್ತು. ಈಗ ಪ್ರೈಮ್ (ಜೂಮ್ ಆಗದ) ಲೆನ್ಸಿಗೆ 600, ಜೂಮ್‌ಗೆ 900, 400 ಎಂಎಂ ದಾಟುವ ಲೆನ್ಸಿಗೆ 1,200. ಬೋರ್ಡ್ ಹಾಕಿದ ದಿನದಿಂದ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಅಂಗಡಿ ಬಾಗಿಲಲ್ಲಿ ಎಲ್ಲ ಕಡೆ ಇದೇ ಮಾತು. ಒಬ್ಬೊಬ್ಬರಿಗೇ ಉತ್ತರ ಹೇಳಿ ಮುಗಿಯುತ್ತಿಲ್ಲ, ಅದಕ್ಕೇ ಈ ಪತ್ರ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಕಳೆದ ಮದುವೆ ಸೀಸನ್‌ನಲ್ಲಿ ನಮ್ಮ ಹಳೆಯ ಗ್ರಾಹಕರೊಬ್ಬರು ಸಂಜೆ ಏಳು ಗಂಟೆಗೆ 85 ಎಂಎಂ ಎಫ್ 1.8 ಲೆನ್ಸ್ ತಂದರು. ಮರುದಿನ ಬೆಳಗ್ಗೆ ಅವರಿಗೆ ಮುಹೂರ್ತದ ಕೆಲಸ. ಕೌಂಟರ್ ಮೇಲೆ, ಟ್ಯೂಬ್‌ಲೈಟ್ ಕೆಳಗೆ, ಒಂದೂವರೆ ಮೀಟರ್ ದೂರದಲ್ಲಿ ಫೋಕಸ್ ಪರೀಕ್ಷೆಯ ಚಾರ್ಟ್ ಇಟ್ಟು, ಆರೇಳು ಫೋಟೊ ತೆಗೆದು, ಮೆನುವಿನಲ್ಲಿ +9 ಹಾಕಿ ಕಳಿಸಿದೆವು. ಧಾರೆಯ ಫೋಟೊಗಳಲ್ಲಿ ಹುಡುಗಿಯ ಕಣ್ಣು ಮಸುಕು, ಕಿವಿಯ ಜುಮ್ಕಿ ಮಾತ್ರ ಸ್ಪಷ್ಟ. ಆ ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಂಡಿ) ಪೂರ್ತಿ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬರುವುದು ಸುಮಾರು ಆರು ಸೆಂಟಿಮೀಟರ್ ಆಳ ಅಷ್ಟೇ. ಕಣ್ಣಿಗೂ ಕಿವಿಗೂ ಅದಕ್ಕಿಂತ ಜಾಸ್ತಿ ಅಂತರ ಇರುತ್ತದೆ. ಆಮೇಲೆ ಸರಿಯಾದ ಬೆಳಕಿನಲ್ಲಿ ನೋಡಿದರೆ ಬೇಕಾಗಿದ್ದದ್ದು +2. ಅವರು ಜಗಳ ಆಡಲಿಲ್ಲ, ಸುಮ್ನೆ ಲ್ಯಾಪ್‌ಟಾಪ್ ತೆರೆದು ಫೋಟೊ ತೋರಿಸಿದರು. ದುಡ್ಡು ವಾಪಸ್ ಕೊಟ್ಟೆವು. ಆ ಮನೆಯವರ ಧಾರೆಯನ್ನು ವಾಪಸ್ ಕೊಡಲು ನಮ್ಮಿಂದ ಆಗಲಿಲ್ಲ. ಅವರಲ್ಲಿ ಆಗಲೇ ಕ್ಷಮೆ ಕೇಳಿದ್ದೇವೆ, ಇಲ್ಲಿ ಮತ್ತೆ ಕೇಳುತ್ತೇವೆ. ಅವತ್ತೇ ಕೌಂಟರ್ ಟ್ಯೂನಿಂಗ್ ಬೇಡ ಎಂದು ತೀರ್ಮಾನ ಮಾಡಿದ್ದು.

ಈಗ ನೀವೆಲ್ಲ ಕೇಳುವ ಮಾತಿಗೆ ಬರೋಣ. "ಅಣ್ಣಾ, ಮೆನುವಿನಲ್ಲಿ ಒಂದು ನಂಬರ್ ಬದಲಾಯಿಸೋದು ಅಲ್ವಾ, ಅದಕ್ಕೆ ಇಷ್ಟು ದುಡ್ಡಾ?"

ನಂಬರ್ ಬದಲಾಯಿಸಲು ಹತ್ತು ಸೆಕೆಂಡ್ ಸಾಕು, ನಿಜ. ಯಾವ ನಂಬರ್ ಎಂದು ಕಂಡುಹಿಡಿಯುವುದಕ್ಕೇ ಅರ್ಧ ದಿನ ಹೋಗುತ್ತದೆ. ನಿಮ್ಮ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ) ಫೋಟೊ ಬೀಳುವುದು ಒಂದು ಸೆನ್ಸರ್ ಮೇಲೆ, ಫೋಕಸ್ ಅಳೆಯುವುದು ಇನ್ನೊಂದು ಸೆನ್ಸರ್. ಲೆನ್ಸಿನಿಂದ ಬಂದ ಬೆಳಕಿನಲ್ಲಿ ಸ್ವಲ್ಪ ಭಾಗ ದೊಡ್ಡ ಕನ್ನಡಿಯ ನಡುವಿನಿಂದ ತೂರಿ, ಅದರ ಹಿಂದಿನ ಪುಟ್ಟ ಕನ್ನಡಿಗೆ ಬಡಿದು, ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರ್‌ಗೆ ಇಳಿಯುತ್ತದೆ. ಫೋಟೊ ಸೆನ್ಸರ್‌ಗೆ ಬೆಳಕು ಹೋಗುವ ದಾರಿ, ಫೋಕಸ್ ಸೆನ್ಸರ್‌ಗೆ ಹೋಗುವ ದಾರಿ, ಎರಡರ ಉದ್ದವೂ ಒಂದೇ ಇರಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಫೋಕಸ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಲೆನ್ಸಿನಲ್ಲೂ ಅದರದ್ದೇ ಸಣ್ಣ ವ್ಯತ್ಯಾಸ ಇರುತ್ತದೆ. ಕೆಲವೊಮ್ಮೆ ಎರಡೂ ಸೇರಿ ದೊಡ್ಡದಾಗುತ್ತವೆ, ಕೆಲವೊಮ್ಮೆ ಒಂದನ್ನೊಂದು ಸರಿಮಾಡಿಕೊಳ್ಳುತ್ತವೆ. ಹಾಗಾಗಿ ಆ ನಂಬರ್ ನಿಮ್ಮ ಕ್ಯಾಮೆರಾ ಮತ್ತು ನಿಮ್ಮ ಲೆನ್ಸಿನ ಜೋಡಿಗೆ ಸೇರಿದ್ದು. ಗೆಳೆಯರ ಹತ್ತಿರ ಅದೇ ಮಾಡೆಲ್ ಇದೆ, ಅವರು +5 ಹಾಕಿದ್ದಾರೆ, ನಾನೂ ಹಾಕಿಕೊಂಡೆ ಎಂದು ಬರುವವರಿಗೆ ಇದನ್ನೇ ಹೇಳುವುದು. ಇನ್ನೊಂದು ವಿಷಯ. ಆ ನಂಬರ್ ಉಳಿಯುವುದು ಕ್ಯಾಮೆರಾದೊಳಗೆ. ಲೆನ್ಸ್ ಬಿಚ್ಚಿ ಬೇರೆ ಕ್ಯಾಮೆರಾಕ್ಕೆ ಹಾಕಿದರೆ ಅದು ಜೊತೆಯಲ್ಲಿ ಹೋಗುವುದಿಲ್ಲ. ಮದುವೆ ಟೀಮ್‌ನವರು ಲೆನ್ಸ್ ಅದಲುಬದಲು ಮಾಡಿಕೊಂಡು, ಆಮೇಲೆ ನಮ್ಮ ಟ್ಯೂನಿಂಗ್ ಸರಿ ಇಲ್ಲ ಎಂದಾಗ ನಿಜವಾಗಿ ನೋವಾಗುತ್ತದೆ. ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಿಗ್ಮಾದ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ನ ಟ್ಯಾಪ್-ಇನ್ ಕನ್ಸೋಲ್ ಇರುವ ಲೆನ್ಸುಗಳಲ್ಲಿ ಮಾತ್ರ ತಿದ್ದುಪಡಿ ಲೆನ್ಸಿನೊಳಗೇ ಕೂರುತ್ತದೆ. ಅದರ ಕೆಲಸ ಇನ್ನೂ ಜಾಸ್ತಿ. ಸಿಗ್ಮಾ ಜೂಮ್ ಆದರೆ ನಾಲ್ಕು ಫೋಕಲ್ ಲೆಂತ್ (ಲೆನ್ಸಿನ ಎಂಎಂ ಅಳತೆ), ಒಂದೊಂದರಲ್ಲೂ ನಾಲ್ಕು ದೂರ, ಒಟ್ಟು 16 ನಂಬರ್.

ಒಂದು ಸಾದಾ 50 ಎಂಎಂ ಲೆನ್ಸಿಗೆ ನಾವು ಮಾಡುವುದು ಇಷ್ಟು. ಕ್ಯಾಮೆರಾ ಟ್ರೈಪಾಡ್ ಮೇಲೆ ಕೂರಿಸಿ, ಚಾರ್ಟ್‌ಗೆ ನೇರವಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, -20ರಿಂದ +20ರವರೆಗೆ ಐದೈದು ಹೆಜ್ಜೆಗೆ ನಾಲ್ಕು ನಾಲ್ಕು ಫೋಟೊ ತೆಗೆಯುತ್ತೇವೆ. ಪ್ರತಿ ಫೋಟೊಗೂ ಮುಂಚೆ ಫೋಕಸ್ ಕೆಡಿಸಿ, ಒಮ್ಮೆ ಹತ್ತಿರದ ಕಡೆಯಿಂದ, ಒಮ್ಮೆ ದೂರದ ಕಡೆಯಿಂದ ಮತ್ತೆ ಹಿಡಿಸಬೇಕು, ಯಾಕೆಂದರೆ ಯಾವ ಕ್ಯಾಮೆರಾವೂ ಪ್ರತಿ ಸಲ ಒಂದೇ ಜಾಗದಲ್ಲಿ ಫೋಕಸ್ ನಿಲ್ಲಿಸುವುದಿಲ್ಲ. ಆಮೇಲೆ ಚೆನ್ನಾಗಿ ಬಂದ ಜಾಗದ ಸುತ್ತಮುತ್ತ ಒಂದೊಂದೇ ಹೆಜ್ಜೆ. ಹೀಗೆ 70–80 ಫೋಟೊ ಆಗುತ್ತದೆ. ಇನ್ನೊಂದು ದೂರದಲ್ಲಿ ಇದೇ ಕೆಲಸ ಮತ್ತೆ. ನಿಕಾನ್ ಡಿ500, ಡಿ850, ಡಿ7500ರಲ್ಲಿ ಕ್ಯಾಮೆರಾ ತಾನೇ ನಂಬರ್ ಹುಡುಕುವ ಆಟೋ ಫೈನ್ ಟ್ಯೂನ್ ಇದೆಯಲ್ಲ ಎನ್ನುತ್ತೀರಿ. ಇದೆ, ನಾವೂ ಬಳಸುತ್ತೇವೆ. ಅದನ್ನು ಹತ್ತು ಸಲ ಒತ್ತಿ ನೋಡಿ, ಹತ್ತೂ ಸಲ ಒಂದೇ ನಂಬರ್ ಬಂತಾ ಎಂದು ಆಮೇಲೆ ಹೇಳಿ.

ಇನ್ನು ಖರ್ಚು. ಈ ಮಾತು ಬರೆಯಲು ಸಂಕೋಚ, ಆದರೂ "ಊರಲ್ಲಿ ಇನ್ಯಾರೂ ಇಲ್ಲ ಅಂತ ಸುಲಿಗೆ" ಎಂದು ಕೇಳಿಸಿಕೊಂಡ ಮೇಲೆ ಬರೆಯಲೇಬೇಕು. ಟೆಸ್ಟ್ ಮಾಡುವ ದೂರ ಫೋಕಲ್ ಲೆಂತ್‌ನ 25ರಿಂದ 50 ಪಟ್ಟು ಇರಬೇಕು. 50 ಎಂಎಂಗೆ ಎರಡೂವರೆ ಮೀಟರ್ ಇದ್ದರೆ ನಡೆಯುತ್ತದೆ. ಭದ್ರಾ ಹಿನ್ನೀರಿಗೆ ರಿವರ್ ಟರ್ನ್ ಹಕ್ಕಿಯ ಫೋಟೊ ಹಿಡಿಯಲು ಹೋಗುವವರು ತರುವ 500 ಎಂಎಂಗೆ ಕಡಿಮೆ ಅಂದರೂ ಹನ್ನೆರಡೂವರೆ ಮೀಟರ್ ಬೇಕು, 25 ಮೀಟರ್ ಇದ್ದರೆ ಒಳ್ಳೆಯದು. ನಮ್ಮ ಅಂಗಡಿಯ ಉದ್ದ ಆರು ಮೀಟರ್! ಇಷ್ಟು ವರ್ಷ ಬಾಗಿಲು ತೆಗೆದು, ಚಾರ್ಟನ್ನು ರಸ್ತೆಯಾಚೆ ಇಟ್ಟು, ಬೈಕು ಹೋಗುವವರೆಗೆ ಕಾದು ಮಾಡುತ್ತಿದ್ದದ್ದನ್ನು ನೀವೇ ನೋಡಿದ್ದೀರಿ. ಮಳೆಗಾಲದಲ್ಲಿ ಅದೂ ಇಲ್ಲ. ಈಗ ಅಂಗಡಿ ಹಿಂದಿನ ಹಳೆಯ ಕಾಫಿ ಗೋಡೌನಿನ ಒಂದು ಪಾಲನ್ನು ಬಾಡಿಗೆಗೆ ಹಿಡಿದಿದ್ದೇವೆ. 28 ಮೀಟರ್ ಉದ್ದ, ಗಟ್ಟಿ ನೆಲ, ಲಾರಿ ಹೋದರೂ ಟ್ರೈಪಾಡ್ ಅಲ್ಲಾಡುವುದಿಲ್ಲ. ಬಾಡಿಗೆ, ಅಡ್ವಾನ್ಸ್, ಮಿನುಗದ ಎಲ್‌ಇಡಿ ಲೈಟುಗಳು, ಹೊರಗಿನಿಂದ ತರಿಸಿದ ಚಾರ್ಟ್, ದುಡ್ಡು ಕೊಟ್ಟ ಸಾಫ್ಟ್‌ವೇರ್, ಜುಲೈನಲ್ಲಿ ಕರೆಂಟು ಹೋದರೆ ನಿಲ್ಲದಂತೆ ಯುಪಿಎಸ್, ಈ ಕೆಲಸಕ್ಕೇ ಒಬ್ಬ ಹುಡುಗ. ಬೆಳಕಿನ ಬಣ್ಣ ಬದಲಾದರೆ ಎಷ್ಟೋ ಲೆನ್ಸುಗಳಲ್ಲಿ ಫೋಕಸ್ ಕೂಡ ಸ್ವಲ್ಪ ಸರಿಯುತ್ತದೆ. ಹಾಗಾಗಿ ಹಗಲಿನ ಬಣ್ಣದ ಲೈಟಿನ ಜೊತೆಗೆ ಛತ್ರದ ಹಳದಿ ಲೈಟೂ ಬೇಕಾಯಿತು. ಇದೆಲ್ಲ 300 ರೂಪಾಯಿಗೆ ಗಿಟ್ಟುವುದಿಲ್ಲ. 600ರಲ್ಲೂ ನಮಗೆ ಉಳಿಯುವುದು ಕಮ್ಮಿಯೇ.

ಸುಮ್ನೆ ಬಂದು ದುಡ್ಡು ಕಳೆದುಕೊಳ್ಳಬೇಡಿ ಎಂದೂ ಹೇಳುತ್ತೇವೆ. ಮೊದಲು ಮನೆಯಲ್ಲೇ ನೋಡಿ. ಟ್ರೈಪಾಡ್ ಮೇಲಿಟ್ಟು ಒಂದೇ ವಸ್ತುವನ್ನು ವ್ಯೂಫೈಂಡರ್ ಮೂಲಕ ಐದು ಸಲ, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ನೋಡಿಕೊಂಡು) ಐದು ಸಲ ತೆಗೆಯಿರಿ. ಲೈವ್ ವ್ಯೂ ಚೆನ್ನಾಗಿ ಬಂದು, ವ್ಯೂಫೈಂಡರ್‌ನದ್ದು ಪ್ರತಿ ಸಲ ಒಂದೇ ಕಡೆಗೆ ಸರಿದಿದ್ದರೆ ತನ್ನಿ. ಎರಡೂ ಮಸುಕಾಗಿದ್ದರೆ ಇದು ಫೈನ್ ಟ್ಯೂನ್ ಕೇಸ್ ಅಲ್ಲ. ನಮ್ಮ ಮಲೆನಾಡಿನಲ್ಲಿ ಅದು ಎಷ್ಟೋ ಸಲ ಲೆನ್ಸಿನೊಳಗಿನ ಫಂಗಸ್. ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾ ಇರುವವರಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಬರುವುದಿಲ್ಲ, ಅವು ಫೋಟೊ ಬೀಳುವ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುತ್ತವೆ. ನಿಕಾನ್ ಡಿ3500, ಡಿ5600, ಕ್ಯಾನನ್ 1500ಡಿ, 200ಡಿ ಇವುಗಳಲ್ಲಿ ಈ ಮೆನುವೇ ಇಲ್ಲ. ಅವುಗಳನ್ನು ತಂದರೆ ನಾವು ವಾಪಸ್ ಕಳಿಸುತ್ತೇವೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಜೂಮ್ ಕೊಡುವಾಗ ಯಾವ ತುದಿ ಜಾಸ್ತಿ ಬಳಸುತ್ತೀರಿ ಎಂದು ಕೇಳುತ್ತೇವೆ. ಕ್ಯಾನನ್ 5ಡಿ ಮಾರ್ಕ್ 3, 80ಡಿ ತರದ ಕ್ಯಾಮೆರಾಗಳಲ್ಲಿ ಎರಡು ತುದಿಗೂ ಬೇರೆ ಬೇರೆ ನಂಬರ್ ಹಾಕಬಹುದು. ನಿಕಾನ್ ಡಿ750, ಡಿ850ರಲ್ಲಿ ಒಂದೇ. 70–200 ಜೂಮನ್ನು 200 ಎಂಎಂಗೆ ಸರಿಮಾಡಿದರೆ 70ರಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗಬಹುದು, ಅದನ್ನು ಮೊದಲೇ ಹೇಳಿಯೇ ಕೆಲಸ ಶುರು ಮಾಡುತ್ತೇವೆ. ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ. ಇಷ್ಟವಾಗದಿದ್ದರೆ ಮೆನುವಿನಲ್ಲಿ ಆಫ್ ಮಾಡಿ, ಕ್ಯಾಮೆರಾ ಮೊದಲಿನ ಹಾಗೇ ಇರುತ್ತದೆ.

ಕಳೆದ ದೀಪಾವಳಿಯಿಂದ ಈಚೆಗೆ 300 ಕೊಟ್ಟು ಕೌಂಟರಿನಲ್ಲಿ ಟ್ಯೂನ್ ಮಾಡಿಸಿಕೊಂಡವರೆಲ್ಲ ಈ ತಿಂಗಳ ಕೊನೆಯೊಳಗೆ ಬನ್ನಿ. ಗೋಡೌನಿನಲ್ಲಿ ಹೊಸದಾಗಿ ಮಾಡಿಕೊಡುತ್ತೇವೆ, ಒಂದು ಪೈಸೆ ಬೇಡ. ಬಿಲ್ ಕಳೆದಿದ್ದರೂ ಪರವಾಗಿಲ್ಲ, ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿದೆ. ಮರುದಿನ ಮದುವೆ ಇದ್ದರೆ ಬೆಳಗ್ಗೆ ಒಂಬತ್ತಕ್ಕೇ ತಂದುಕೊಡಿ, ಸಂಜೆ ಕೈಗೆ ಸಿಗುವಂತೆ ನೋಡಿಕೊಳ್ಳುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ಸಂಜೆ ಏಳಕ್ಕೆ ತಂದರೆ ಮಾತ್ರ ಇಲ್ಲ ಎನ್ನುತ್ತೇವೆ, ಎಷ್ಟು ಹಳೆಯ ಪರಿಚಯ ಆದರೂ.

ಬರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಮತ್ತು ಖಾಲಿ ಕಾರ್ಡ್ ತನ್ನಿ. ಮಳೆ ಇದ್ದರೆ ಕ್ಯಾಮೆರಾ ಬ್ಯಾಗಿನ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ಬನ್ನಿ, ಗೋಡೌನಿನ ದಾರಿಯಲ್ಲಿ ಸೂರು ಸೋರುತ್ತದೆ, ಇನ್ನೂ ಸರಿಮಾಡಿಸಿಲ್ಲ.

ಇಂತಿ,
ನಿಮ್ಮ ಕ್ಯಾಮೆರಾ ಸರ್ವಿಸ್ ಅಂಗಡಿಯವರು
ಚಿಕ್ಕಮಗಳೂರು