ಸ್ನಾರ್ಕಲ್ ಹಾಕಿಸುವ ಮುನ್ನ

ಮಾನ್ಯ ಸಂಪಾದಕರೇ,

ಜೂನ್ ಹತ್ತಿರ ಬಂದಂತೆ ಪುಣೆ, ಮುಂಬಯಿಯಲ್ಲಿ ಥಾರ್, ಜಿಮ್ನಿ, ಸ್ಕಾರ್ಪಿಯೊ ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಕೇಳುವ ಮಾತು ಒಂದೇ: ‘ಸ್ನಾರ್ಕಲ್ ಹಾಕಿಸಿಬಿಡಲೇ?’ ನೀರು ಎಂಜಿನ್ನಿಗೆ ಹೋಗದಂತೆ ಗಾಳಿಯನ್ನು ಮೇಲಿನಿಂದ ತರುವ ಕೊಳವೆ ಅದು. ಮಳೆಗಾಲದಲ್ಲಿ ಊರಿಗೆ ಹೋಗಿಬರುವ ಕನ್ನಡಿಗರಿಗಂತೂ ಇದು ಬರಿಯ ಶೋಕಿಯ ಪ್ರಶ್ನೆಯಲ್ಲ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಪಂಚಗಂಗೆ ಉಕ್ಕಿ ಕೊಲ್ಲಾಪುರದ ಬಳಿ ಬೆಳಗಾವಿ ದಾರಿ ಬಂದಾಗಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕೇಳುವವರಲ್ಲಿ ಹೆಚ್ಚಿನವರಿಗೆ ಅದು ಬೇಡ. ನಿಜಕ್ಕೂ ಬೇಕಾದವರು ಅರ್ಧ ಕೆಲಸ ಮಾಡಿಸಬಾರದು.

ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಸಾಮಾನ್ಯವಾಗಿ ಬಾನೆಟ್‌ನ ಒಳಗೆ, ಹೆಡ್‌ಲೈಟ್‌ನ ಹಿಂದೆಯೋ ಫೆಂಡರ್‌ನ ಮಗ್ಗುಲಲ್ಲೋ ಇರುತ್ತದೆ. ಸ್ನಾರ್ಕಲ್ ಆ ಬಾಯನ್ನು ಛಾವಣಿಯ ಎತ್ತರಕ್ಕೆ ಒಯ್ಯುತ್ತದೆ, ಅಷ್ಟೇ. ಆದರೆ ಆ ‘ಅಷ್ಟೇ’ಯ ಪ್ರಯೋಜನ ಸಣ್ಣದಲ್ಲ. ಥಾರ್‌ನ 2184 ಸಿಸಿ ಡೀಸೆಲ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ 546 ಸಿಸಿ. ಗಾಳಿಯನ್ನು ಒತ್ತುವ ಪ್ರಮಾಣ (ಕಂಪ್ರೆಷನ್) 16ಕ್ಕೆ 1 ಎಂದು ಹಿಡಿದರೂ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 36 ಮಿಲಿಲೀಟರ್, ಕಟಿಂಗ್ ಚಹಾದ ಗ್ಲಾಸಿನಲ್ಲಿ ಅರ್ಧ. ಅದಕ್ಕಿಂತ ಹೆಚ್ಚು ನೀರು ಒಳಗೆ ಸೇರಿದರೆ ಪಿಸ್ಟನ್ ಮೇಲೇರಲು ಎಡೆಯೇ ಇಲ್ಲ. ಗಾಳಿಯನ್ನು ಒತ್ತಿ ಹಿಡಿಯಬಹುದು, ನೀರನ್ನು ಒತ್ತಲಾಗದು. ಆಗ ಬಾಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಕೆಲವೊಮ್ಮೆ ಅದು ಮುರಿದು ಬ್ಲಾಕನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ಹೈಡ್ರೋಲಾಕ್ ಅನ್ನುವುದು ಇದನ್ನೇ.

ಈಗ ಇನ್ನೊಂದು ಲೆಕ್ಕ ನೋಡಿ. ಸ್ನಾರ್ಕಲ್ ಇಲ್ಲದ ಥಾರ್‌ಗೆ ದಾಟಬಹುದೆಂದು ಕಂಪನಿ ಹೇಳುವ ನೀರಿನ ಆಳ 650 ಮಿ.ಮೀ. ನಮ್ಮ ಆಕುರ್ಡಿಯ ಫೋರ್ಸ್ ಮೋಟರ್ಸ್‌ನ ಗೂರ್ಖಾಕ್ಕೆ ಸ್ನಾರ್ಕಲ್ ಕಂಪನಿಯಿಂದಲೇ ಬರುತ್ತದೆ. ಅದಕ್ಕೆ ಹೇಳಿರುವುದು 700 ಮಿ.ಮೀ. ಗಾಡಿಗಳು ಬೇರೆ ಬೇರೆ, ನಿಜ. ಆದರೂ ಗಾಳಿಯ ಬಾಯಿ ತಲೆಯ ಮೇಲಿದ್ದರೂ ಕಂಪನಿಯವರು ಸೊಂಟದ ಕೆಳಗೇ ಗೆರೆ ಎಳೆದಿದ್ದಾರೆ. ಯಾಕೆಂದರೆ ಆಲ್ಟರ್ನೇಟರ್, ಸ್ಟಾರ್ಟರ್, ವೈರಿಂಗ್ ಕನೆಕ್ಟರ್‌ಗಳು, ಗೇರ್‌ಬಾಕ್ಸ್, ಎರಡೂ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ, ನಮ್ಮ ಮಾತಿನಲ್ಲಿ ‘ಡಿಫ್’), ಬಾಗಿಲಿನ ರಬ್ಬರು, ಇವು ಯಾವುವೂ ಸ್ನಾರ್ಕಲ್‌ನ ಜೊತೆ ಮೇಲೇರುವುದಿಲ್ಲ.

ಗಾಡಿ ತೇಲುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ನಾಲ್ಕು ಮೀಟರ್ ಉದ್ದ, 1.8 ಮೀಟರ್ ಅಗಲದ ಗಾಡಿಯ ಹೊಟ್ಟೆಗೆ ನೀರು ತಾಗಿದ ಮೇಲೆ, ಒಳಗೆ ನೀರು ನುಗ್ಗುವ ತನಕ, ಪ್ರತಿ 10 ಸೆಂ.ಮೀ. ಏರಿಕೆಗೆ ಸುಮಾರು 700 ಕಿಲೋ ಭಾರ ನೀರಿನ ಪಾಲಾಗುತ್ತದೆ. ಒಂದೂಮುಕ್ಕಾಲು ಟನ್ನಿನ ಗಾಡಿಯ ಚಕ್ರಕ್ಕೆ ನೆಲದ ಹಿಡಿತ ತಪ್ಪಲು ಒಂದು ಗೇಣು ಸಾಕು. ನಿಂತ ನೀರಾದರೆ ಹೇಗೋ ಆದೀತು. ಹರಿಯುವ ನೀರಿನಲ್ಲಿ ಅದು ಓಲಾಡುವ ಡಬ್ಬಿ. ಖಡಕವಾಸಲಾದಿಂದ ನೀರು ಬಿಟ್ಟಾಗ ಮುಠಾ ನದಿಯ ಭಿಡೆ ಸೇತುವೆಯ ಮೇಲೆ, ಮಳೆ ಹೊಡೆದಾಗ ಅಂಧೇರಿ ಸಬ್‌ವೇಯಲ್ಲಿ ಸ್ನಾರ್ಕಲ್ ನಂಬಿ ಇಳಿಯುವವರಿಗೆ ಇದನ್ನೇ ಕೈಮುಗಿದು ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ದಿನ ಕಾರಿನೊಳಗೇ ಸಿಕ್ಕಿ ಸತ್ತವರಿದ್ದಾರೆ. ಅವರ ಜೀವ ಹೋದದ್ದು ಎಂಜಿನ್ನಿಗೆ ಗಾಳಿ ಸಿಗದೆ ಅಲ್ಲ, ಬಾಗಿಲು ಕಿಟಕಿ ತೆರೆಯದೆ.

ಹಾಗಾದರೆ ಯಾರಿಗೆ ಬೇಕು? ಗೋವೆಯ ಕುಳೆಯಿಂದ ದೂಧಸಾಗರಕ್ಕೆ ಹೋಗುವ ಜೀಪುಗಳ ಹಾಗೆ ಹಳ್ಳ ದಾಟುವುದೇ ದಿನದ ದಾರಿಯಾದವರಿಗೆ, ಸಹ್ಯಾದ್ರಿಯ ಒಳದಾರಿಗಳಲ್ಲಿ ಮತ್ತೆ ಮತ್ತೆ ಹೊಳೆಗಿಳಿಯುವವರಿಗೆ ಬೇಕು. ಸಾಲಾಗಿ ಹೋಗುವ ಗಾಡಿಗಳ ಹಿಂದೆ ಬೇಸಿಗೆಯ ಕೆಂಧೂಳಿನಲ್ಲಿ ಓಡಿಸುವವರಿಗೂ ಉಪಯೋಗವಿದೆ. ಛಾವಣಿಯ ಎತ್ತರದಲ್ಲಿ ಧೂಳು ಕಡಿಮೆ, ಏರ್ ಫಿಲ್ಟರ್ ಹೆಚ್ಚು ದಿನ ಬಾಳುತ್ತದೆ. ಕಚೇರಿ, ಮನೆ, ವರ್ಷಕ್ಕೆರಡು ಸಲ ಉಡುಪಿಯ ದಾರಿ ಹಿಡಿಯುವವರು ಆ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಲಿ.

ಹಾಕಿಸುವುದಾದರೆ ಕೆಲಸ ಹೇಗಿರಬೇಕು? ಬಿಸಿಲಿಗೆ ಸೀಳದ ಪಾಲಿಎಥಿಲೀನ್‌ನದ್ದು ಇರಲಿ. ತೆಳ್ಳಗಿನ ಫೈಬರ್‌ನದ್ದು ಮರದ ಟೊಂಗೆ ತಾಗಿದರೆ ಬಿರಿಯುತ್ತದೆ. ಒಳಗಿನ ದಾರಿ ಕಂಪನಿ ಪೈಪಿಗಿಂತ ಎಲ್ಲಿಯೂ ಸಣ್ಣದಾಗಬಾರದು. ಸಣ್ಣದಾದರೆ ಎಂಜಿನ್ ಏದುಸಿರು ಬಿಡುತ್ತದೆ, ಹೊಗೆ ಕಪ್ಪಾಗುತ್ತದೆ, ಏರಿನಲ್ಲಿ ಎಳೆತ ಸಾಯುತ್ತದೆ. ಫೆಂಡರ್‌ಗೆ ಟೆಂಪ್ಲೇಟ್ ಅಂಟಿಸಿ, ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು, ಆಮೇಲೆ ಹೋಲ್ ಸಾ. ಕೊರೆದ ಅಂಚನ್ನು ಅರದಿಂದ ಉಜ್ಜಿ, ಝಿಂಕ್ ಪ್ರೈಮರ್ ಎರಡು ಕೋಟ್, ಮೇಲೆ ಪೇಂಟ್. ಈ ಅರ್ಧ ಗಂಟೆಯನ್ನು ಗ್ಯಾರೇಜಿನವರು ಉಳಿಸಲು ನೋಡುತ್ತಾರೆ, ಬಿಡಬೇಡಿ. ಕಡಲ ಗಾಳಿಗೆ ಬರಿಯ ತಗಡು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಗಾಜಿನ ಪಕ್ಕದ ಕಂಬಕ್ಕೆ ಬ್ರಾಕೆಟ್ ಕೂರಿಸುವ ಮೊದಲು ಅದರೊಳಗೆ ಕರ್ಟನ್ ಏರ್‌ಬ್ಯಾಗ್ ಇದೆಯೇ ಎಂದು ನೋಡಲೇಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಕೆಳಗೆ, ಏರ್ ಫಿಲ್ಟರ್ ಡಬ್ಬಿಯಲ್ಲಿ. ಅನೇಕ ಡಬ್ಬಿಗಳ ತಳದಲ್ಲಿ ಮಳೆನೀರು ಇಳಿಯಲೆಂದು ಒಂದು ಸಣ್ಣ ತೂತು, ಅದಕ್ಕೆ ಬಾತುಕೋಳಿ ಕೊಕ್ಕಿನಂಥ ರಬ್ಬರು ಇರುತ್ತದೆ. ರಬ್ಬರು ಹಳೆಯದಾಗಿ ಗಟ್ಟಿಯಾಗಿದ್ದರೆ, ಡಬ್ಬಿ ಮುಳುಗಿದ ಕೂಡಲೇ ಎಂಜಿನ್ ಅಲ್ಲಿಂದಲೇ ನೀರು ಹೀರುತ್ತದೆ. ಮೇಲೆ ಎಷ್ಟು ಎತ್ತರದ ಕೊಳವೆ ಇದ್ದರೇನು! ಹೊಸ ರಬ್ಬರು ಹಾಕಿ, ಮುಚ್ಚಳದ ಗ್ಯಾಸ್ಕೆಟ್ ಬದಲಿಸಿ, ಪ್ರತಿ ಜೋಡಣೆಗೂ ಸ್ಟೀಲ್ ಕ್ಲಾಂಪ್ ಬಿಗಿಸಬೇಕು.

ಗ್ಯಾರೇಜಿಗೆ ದುಡ್ಡು ಕೊಡುವ ಮೊದಲು ಪರೀಕ್ಷೆ ಮಾಡಿಸಿ. ಸ್ನಾರ್ಕಲ್‌ನ ತಲೆಯನ್ನು ಬಿಚ್ಚಿ ತೆಗೆಯಿರಿ, ಯಾಕೆಂದರೆ ತಲೆಯಲ್ಲೂ ನೀರಿಳಿಯುವ ಸೀಳುಗಳಿರುತ್ತವೆ. ಎಂಜಿನ್ ಐಡಲ್‌ನಲ್ಲಿರಲಿ, ರೇಸ್ ಕೊಡಬಾರದು. ಕೊಳವೆಯ ಬಾಯಿಗೆ ದಪ್ಪ ರಬ್ಬರ್ ಹಾಳೆ ಒತ್ತಿ ಹಿಡಿಯಿರಿ. ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಸೊರಗಿ ನಿಂತರೆ ಕೆಲಸ ಸರಿ. ನಿಲ್ಲದೆ ಓಡುತ್ತಲೇ ಇದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ. ಗಾಳಿ ಬರುವಲ್ಲಿ ನೀರೂ ಬರುತ್ತದೆ. ಎಂಜಿನ್ ಆರಿಸಿ, ಕೊಳವೆಯೊಳಗೆ ಬ್ಲೋಯರ್‌ನಿಂದ ಮೆಲ್ಲಗೆ ಗಾಳಿ ಬಿಟ್ಟು, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ, ಪಂಕ್ಚರ್ ಅಂಗಡಿಯಲ್ಲಿ ಕಾಣುವಂತೆ ಸೋರುವಲ್ಲಿ ಗುಳ್ಳೆ ಏಳುತ್ತದೆ.

ಇನ್ನು ಬ್ರೀದರ್, ಅಂದರೆ ಆಕ್ಸಲ್, ಗೇರ್‌ಬಾಕ್ಸ್‌ಗಳು ಉಸಿರಾಡುವ ಸಣ್ಣ ಕಿಂಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲ್‌ಗಳ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಎರಡೂ ಡಿಫ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರ್‌ಗೆ 6 ಅಥವಾ 8 ಮಿ.ಮೀ. ಹೋಸ್ ಹಾಕಿ ಬಾನೆಟ್‌ನ ಒಳಗೆ ಎತ್ತರಕ್ಕೆ ಕಟ್ಟಬೇಕು. ಆಕ್ಸಲ್ ಕುಣಿಯುವುದರಿಂದ ಹೋಸ್ ಸ್ವಲ್ಪ ಸಡಿಲವಿರಲಿ. ಸ್ನಾರ್ಕಲ್‌ಗಿಂತ ಎಷ್ಟೋ ಅಗ್ಗದ ಈ ಕೆಲಸವನ್ನು, ಹಳ್ಳ ದಾಟುವವರು ಸ್ನಾರ್ಕಲ್‌ಗಿಂತ ಮೊದಲೇ ಮಾಡಿಸುವುದು ಒಳ್ಳೆಯದು.

ಕಾನೂನಿನ ಕಡೆಯೂ ಗಮನವಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡುಗಳಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಕಂಪನಿಯದ್ದಲ್ಲದೆ ಹೊರಗಿನ ಗ್ಯಾರೇಜಿನಲ್ಲಿ ಹಾಕಿಸುವವರು ಆರ್‌ಟಿಒದಿಂದಲೂ ವಿಮಾ ಕಂಪನಿಯಿಂದಲೂ ಬರಹದಲ್ಲೇ ಉತ್ತರ ಪಡೆಯಲಿ. ಸಾಮಾನ್ಯ ವಿಮೆಯಲ್ಲಿ ಹೈಡ್ರೋಲಾಕ್‌ಗೆ ಹೆಚ್ಚಾಗಿ ಪರಿಹಾರ ಸಿಗುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು.

ನಮ್ಮದೊಂದು ಬೇಡಿಕೆ ಇದೆ. ಸಬ್‌ವೇಗಳ, ಮುಳುಗು ಸೇತುವೆಗಳ ಎರಡೂ ತುದಿಯಲ್ಲಿ ಆಳವನ್ನು ಸೆಂಟಿಮೀಟರಿನಲ್ಲಿ, ರಾತ್ರಿಯೂ ಕಾಣುವ ಬಣ್ಣದಲ್ಲಿ ಪಾಲಿಕೆಗಳು ಬರೆಸಲಿ. ಕಂಪನಿಗಳು ಗಾಳಿಯ ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಕೈಪಿಡಿಯಲ್ಲಿ ಅಚ್ಚು ಹಾಕಲಿ. ಈ ಎರಡು ಅಂಕಿ ಕಣ್ಣೆದುರಿದ್ದರೆ ಅದೆಷ್ಟೋ ಎಂಜಿನ್‌ಗಳು ಉಳಿದಾವು.

ಅನಿವಾರ್ಯವಾಗಿ ನೀರಿಗೆ ಇಳಿದವರು ಲೋ ರೇಂಜಿನ ಒಂದನೇ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಸಾಗಲಿ, ನಡುವೆ ಕ್ಲಚ್ ಒತ್ತದಿರಲಿ. ಎಂಜಿನ್ ನೀರಿನಲ್ಲಿ ತಾನಾಗಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಬ್ಯಾಟರಿ ಕಳಚಿ, ಗಾಡಿಯನ್ನು ಎಳೆಸಿ, ಗ್ಲೋ ಪ್ಲಗ್ (ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್) ಬಿಚ್ಚಿ ಎಂಜಿನ್ನನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ತಿರುಗಿಸಿ ನೋಡಬೇಕು. ಸುರಕ್ಷಿತವಾಗಿ ದಾಟಿದವರೂ ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಡಿಫ್‌ನ ತಳದ ಬೋಲ್ಟನ್ನು ಮೆಲ್ಲಗೆ ಸಡಿಲಿಸಲಿ. ಆಯಿಲ್‌ಗಿಂತ ನೀರು ಭಾರ, ತಳದಲ್ಲಿ ಕೂತಿರುತ್ತದೆ. ಮೊದಲು ತೊಟ್ಟಿಕ್ಕಿದ್ದು ನೀರಾದರೆ, ಅಥವಾ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅಂದೇ ಬದಲಿಸಬೇಕು.

ಇಂತಿ,
ಫೋರ್ ವೀಲ್ ಡ್ರೈವ್ ಗಾಡಿಗಳ ಕೆಲಸ ಮಾಡುವ ಕನ್ನಡಿಗರು,
ಚಿಂಚವಾಡ, ಪುಣೆ