ಎಂಜಿನ್ ಬದಲಿಸಿದ ಹಳೆಯ ಕಾರುಗಳಿಗೆ ತಪಾಸಣೆಯ ದಾರಿ ತೆರೆಯಲಿ

ಮಾನ್ಯ ಸಂಪಾದಕರೇ,

ವಾಹನಗಳನ್ನು ಮನಬಂದಂತೆ ಮಾರ್ಪಡಿಸಿ ಓಡಿಸುವವರ ಮೇಲೆ ಸಾರಿಗೆ ಇಲಾಖೆಯೂ ಸಂಚಾರ ಪೊಲೀಸರೂ ಕೈಗೊಳ್ಳುವ ಕ್ರಮಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಕಿವಿಗಡಚಿಕ್ಕುವ ಸೈಲೆನ್ಸರ್, ಎದುರಿನವರ ಕಣ್ಣು ಕುಕ್ಕುವ ದೀಪ, ನೆಲಕ್ಕೆ ತಾಗುವಷ್ಟು ಇಳಿಸಿದ ಸಸ್ಪೆನ್ಷನ್ ಇವುಗಳ ಮೇಲಿನ ಕ್ರಮಕ್ಕೆ ನನ್ನ ತಕರಾರಿಲ್ಲ. ಅದು ಇನ್ನಷ್ಟು ಬಿಗಿಯಾದರೂ ಒಳ್ಳೆಯದೇ. ಆದರೆ ಅದೇ ಕಾನೂನಿನ ಬಲೆಗೆ ಬೀಳುವ ಇನ್ನೊಂದು ಬಗೆಯ ಕೆಲಸವಿದೆ. ಮೂಲ ಎಂಜಿನ್ನಿಗೆ ಬಿಡಿಭಾಗ ಸಿಗದೆ ಬೇರೆ ಎಂಜಿನ್ ಕೂರಿಸಿಕೊಂಡಿರುವ ಹಳೆಯ ಕಾರನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ, ಇದ್ದ ಲೋಪಗಳನ್ನು ತಿದ್ದಿ, ಮತ್ತೆ ಕಟ್ಟುವ ಕೆಲಸ ಅದು. ಈ ಕೆಲಸವನ್ನು ಕಾನೂನು ನೋಡುವ ರೀತಿಯಿಂದ ರಸ್ತೆಯ ಸುರಕ್ಷತೆಗೆ ಲಾಭಕ್ಕಿಂತ ಕೇಡೇ ಹೆಚ್ಚಾಗುತ್ತಿದೆ ಎಂಬುದನ್ನು ತಮ್ಮ ಗಮನಕ್ಕೂ ಓದುಗರ ಗಮನಕ್ಕೂ ತರುವುದು ಈ ಪತ್ರದ ಉದ್ದೇಶ.

ನನ್ನ ಬಳಿ ಇರುವುದು ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನದ, ಮೇಲ್ಛಾವಣಿ ತೆರೆಯಬಹುದಾದ ಪುಟ್ಟ ಕಾರು. ಇಂದಿನ ಓದುಗರಲ್ಲಿ ಹಲವರಿಗೆ ಅದರ ಹೆಸರೂ ಗೊತ್ತಿರಲಿಕ್ಕಿಲ್ಲ. 1990ರ ದಶಕದ ಕೊನೆಯಲ್ಲಿ ಗೋವಾದ ವೆರ್ನಾದಲ್ಲಿ ಅದರ ತಯಾರಿಕೆ ಆರಂಭವಾಯಿತು. ವಿನ್ಯಾಸ ಫ್ರಾನ್ಸಿನದು, ಮೈ ಫೈಬರ್‌ಗ್ಲಾಸಿನದು, ಒಳಗಿನ ಚೌಕಟ್ಟು ಉಕ್ಕಿನದು. ಎಂಜಿನ್ ರೆನೋ ಕಂಪನಿಯ 1,149 ಸಿಸಿಯ, ಸುಮಾರು 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಸ್ಪೋರ್ಟ್ಸ್ ಕಾರು ಎನ್ನಲು ಆ ಶಕ್ತಿ ಸಾಲದು ಎಂದು ಮೂಗು ಮುರಿದವರೂ ಇದ್ದರು, ಅವರ ಮಾತು ಸುಳ್ಳೂ ಅಲ್ಲ. ತಯಾರಾದದ್ದೇ ಕಡಿಮೆ, ಉತ್ಪಾದನೆ ನಿಂತು ವರ್ಷಗಳಾದವು. ಆ ಎಂಜಿನ್ ನಮ್ಮ ರಸ್ತೆಗಳಲ್ಲಿ ಬೇರೆ ಯಾವ ಜನಪ್ರಿಯ ಕಾರಿನಲ್ಲೂ ಬಾರದಿದ್ದುದರಿಂದ ಒಂದು ಗ್ಯಾಸ್ಕೆಟ್ ಸೆಟ್ಟಿಗೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಶಿವಾಜಿನಗರದ ಗುಜರಿ ಅಂಗಡಿಗಳವರೆಗೆ ಅಲೆಯಬೇಕು, ಅಲೆದರೂ ಸಿಗುತ್ತದೆಂಬ ಭರವಸೆಯಿಲ್ಲ.

ಹೀಗಾಗಿ ನನಗಿಂತ ಮೊದಲಿನ ಮಾಲೀಕರೊಬ್ಬರು ಕಾರಿನ ಎಂಜಿನ್ ತೆಗೆಸಿ ಮಾರುತಿ ಎಸ್ಟೀಮಿನ 1,298 ಸಿಸಿ ಎಂಜಿನ್ ಹಾಕಿಸಿದ್ದರು. ಆಯ್ಕೆಯಲ್ಲಿ ತಪ್ಪು ಹುಡುಕಲಾರೆ. ಅದು ಅಲ್ಯೂಮಿನಿಯಂ ಬ್ಲಾಕಿನ ಹಗುರ ಎಂಜಿನ್, ಜಿಪ್ಸಿಯಲ್ಲೂ ಅದೇ ಕುಟುಂಬದ ಎಂಜಿನ್ ಬಂದದ್ದರಿಂದ ಬಿಡಿಭಾಗಗಳಿಗೆ ಇಂದಿಗೂ ಕೊರತೆಯಿಲ್ಲ, ಜಿಲ್ಲಾ ಕೇಂದ್ರದ ಯಾವ ಮೆಕ್ಯಾನಿಕ್ಕಾದರೂ ಕಣ್ಣು ಮುಚ್ಚಿ ಬಿಚ್ಚಿ ಕಟ್ಟಬಲ್ಲ. ಆದರೆ ಕೆಲಸ ನಡೆದ ರೀತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಚೈನ್ ಪುಲ್ಲಿ ಕಟ್ಟಿ ಎಂಜಿನ್ ಇಳಿಸಿದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಎಂಜಿನ್ ಕೂರುವ ಆಸರೆಗಳನ್ನು, ಅಂದರೆ ಫೌಂಡೇಶನ್ನುಗಳನ್ನು, ಕಬ್ಬಿಣದ ಆ್ಯಂಗಲ್ ತುಂಡುಗಳಿಂದ ಮಾಡಿ, ಚೌಕಟ್ಟಿನ ತೆಳುವಾದ ಕೊಳವೆಯ ಮೇಲೆ ನೇರವಾಗಿ ವೆಲ್ಡ್ ಮಾಡಲಾಗಿತ್ತು. ಭಾರವನ್ನು ಹಂಚುವ ಬೆಂಬಲದ ತಗಡಿಲ್ಲ, ಮೂಲೆಗೆ ತ್ರಿಕೋನದ ಆಸರೆಯಿಲ್ಲ. ಎಂಜಿನ್ನಿನ ಅದುರಾಟವೆಲ್ಲ ವೆಲ್ಡಿಂಗಿನ ಅಂಚಿನ ಒಂದೇ ಗೆರೆಯ ಮೇಲೆ ಬಿದ್ದು, ಎಡಬದಿಯಲ್ಲಿ ಕೂದಲೆಳೆಯ ಬಿರುಕು ಆಗಲೇ ಕಾಣಿಸಿಕೊಂಡಿತ್ತು. ಅದಕ್ಕಿಂತ ಕೆಟ್ಟದ್ದು ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್. ಗೇರ್‌ಬಾಕ್ಸಿನ ಕಡೆಯ ಅರ್ಧ ಮಾರುತಿಯದು, ಚಕ್ರದ ಕಡೆಯ ಅರ್ಧ ಸ್ಟಾರ್ಮಿನದು; ಎರಡನ್ನೂ ಕತ್ತರಿಸಿ, ನಡುವೆ ಪೈಪಿನ ತೋಳು ತೊಡಿಸಿ ವೆಲ್ಡ್ ಮಾಡಿದ್ದರು. ಶಾಫ್ಟಿನ ಉಕ್ಕಿಗೆ ಗಟ್ಟಿತನ ಬರುವುದೇ ಕಾರ್ಖಾನೆಯಲ್ಲಿ ಕೊಡುವ ಶಾಖ ಸಂಸ್ಕರಣೆಯಿಂದ. ವೆಲ್ಡಿಂಗಿನ ಬಿಸಿ ತಾಗಿದ ಜಾಗದಲ್ಲಿ ಆ ಸಂಸ್ಕರಣೆ ಹಾಳಾಗುತ್ತದೆ, ಮುರಿದರೆ ಅಲ್ಲಿಯೇ ಮುರಿಯುತ್ತದೆ. ವೇಗದಲ್ಲಿ ಮುರಿದ ಶಾಫ್ಟಿನ ತುದಿ ಗಿರಗಿರನೆ ತಿರುಗಿ ಪಕ್ಕದಲ್ಲೇ ಇರುವ ಬ್ರೇಕ್ ಹೋಸನ್ನು ಹರಿದುಹಾಕಿದರೆ ಬ್ರೇಕಿನ ಹಿಡಿತ ಒಮ್ಮೆಲೇ ತಗ್ಗಿಬಿಡುತ್ತದೆ. ಎರಡು ತುದಿಗೂ ಬೇಕಾದ ಹಲ್ಲುಗಳನ್ನು ಕೊರೆಸಿ, ಗಟ್ಟಿಗೊಳಿಸಿದ ಒಂದೇ ತುಂಡಿನ ಶಾಫ್ಟ್ ಮಾಡಿಸುವುದು ಇದಕ್ಕೆ ಸರಿಯಾದ ವಿಧಾನ. ನಮ್ಮ ಕೈಗಾರಿಕಾ ಪ್ರದೇಶಗಳ ಲೇತ್ ಮತ್ತು ಹೀಟ್ ಟ್ರೀಟ್‌ಮೆಂಟ್ ಘಟಕಗಳಿಗೆ ಅದೇನೂ ಬ್ರಹ್ಮವಿದ್ಯೆಯಲ್ಲ.

ಇಂಧನದ ಕೊಳವೆಯೂ ಹಾಗೆಯೇ. ಕಡಿಮೆ ಒತ್ತಡದ ಕಾರ್ಬ್ಯುರೇಟರ್ ಗಾಡಿಗಳಿಗೆ ಬಳಸುವ ಸಾಮಾನ್ಯ ರಬ್ಬರ್ ಹೋಸನ್ನು, ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಗೆ ಜೋಡಿಸಲಾಗಿತ್ತು. ಎಂಜಿನ್ ಶಕ್ತಿ 60ರಿಂದ 85 ಅಶ್ವಶಕ್ತಿಗೆ, ಅಂದರೆ ಸುಮಾರು 40 ಪ್ರತಿಶತ ಏರಿದ್ದರೂ ಬ್ರೇಕಿನ ಗೊಡವೆಗೆ ಯಾರೂ ಹೋಗಿರಲಿಲ್ಲ. ಎಂಜಿನ್ನಿನಲ್ಲಿ ದೋಷ ಕಂಡಾಗ ಡ್ಯಾಶ್‌ಬೋರ್ಡಿನಲ್ಲಿ ಉರಿಯಬೇಕಾದ ಎಚ್ಚರಿಕೆಯ ದೀಪ ಉರಿಯದಿರಲೆಂದು ಅದರ ಬಲ್ಬನ್ನೇ ಕಿತ್ತುಹಾಕಿದ್ದರು! ಇಷ್ಟೆಲ್ಲ ಇದ್ದೂ ಈ ಕಾರು ಕೆಲವು ಕಾಲ ರಸ್ತೆಯಲ್ಲಿ ಓಡಿದೆ.

ಇದನ್ನು ಮಾಡಿದ ಗ್ಯಾರೇಜಿನವರನ್ನು ಬೈಯುವುದು ಸುಲಭ, ನಾನೂ ಮನಸ್ಸಿನಲ್ಲಿ ಬೈದುಕೊಂಡಿದ್ದೇನೆ. ಆದರೆ ಕೆಲಸ ಮುಗಿದ ಮೇಲೆ ಅದನ್ನು ತಿಳಿದವರೊಬ್ಬರಿಗೆ ತೋರಿಸಿ, ಪರೀಕ್ಷೆ ಮಾಡಿಸಿ, ಆರ್‌ಸಿಯಲ್ಲಿ ನಮೂದು ಮಾಡಿಸುವ ದಾರಿ ಇದ್ದಿದ್ದರೆ ಇಂತಹ ಫೌಂಡೇಶನ್ನು, ಇಂತಹ ಶಾಫ್ಟು ಮೊದಲ ನೋಟದಲ್ಲೇ ಸಿಕ್ಕಿಬೀಳುತ್ತಿದ್ದವು. ತೋರಿಸಿದರೆ ದಂಡ, ತೋರಿಸದಿದ್ದರೆ ಪಾರು ಎಂಬ ಸ್ಥಿತಿಯಲ್ಲಿ ತೋರಿಸುವವರು ಯಾರು?

ಕಾನೂನು ಹೇಳುವುದಿಷ್ಟು. ಮೋಟಾರು ವಾಹನಗಳ ಕಾಯ್ದೆ 1988ರ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ವಿಧಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಎಂಜಿನ್ ಕೆಟ್ಟರೆ ಅದೇ ತಯಾರಿಕೆಯ ಅದೇ ಮಾದರಿಯ ಎಂಜಿನ್ ಹಾಕಿಸಿ ಹೊಸ ಸಂಖ್ಯೆಯನ್ನು ಆರ್‌ಸಿಗೆ ಏರಿಸಿಕೊಳ್ಳಬಹುದು. ಆದರೆ ಆ ತಯಾರಿಕೆಯ ಎಂಜಿನ್ನೇ ಪೇಟೆಯಲ್ಲಿಲ್ಲದಿದ್ದರೆ ಏನು ಮಾಡಬೇಕೆಂಬುದಕ್ಕೆ ಉತ್ತರವಿಲ್ಲ. ಇಂಧನ ಬದಲಿಸುವ ಕಿಟ್‌ಗಳಿಗೆ, ಅಂದರೆ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ, ಅದೇ ವಿಧಿಯಲ್ಲಿ ವಿನಾಯಿತಿ ಇದೆ. ಹೀಗಾಗಿ ಪೆಟ್ರೋಲ್ ಎಂಜಿನ್ ಕಿತ್ತು ಅನುಮೋದಿತ ಕಿಟ್ಟಿನ ವಿದ್ಯುತ್ ಮೋಟಾರು ಕೂರಿಸಬಹುದು, ಇನ್ನೊಂದು ಪೆಟ್ರೋಲ್ ಎಂಜಿನ್ ಕೂರಿಸುವಂತಿಲ್ಲ. ಇಷ್ಟು ವಿರಳವಾದ ಕಾರಿಗೆಂದು ಕಿಟ್ ರೂಪಿಸಿ ಅನುಮೋದನೆ ಪಡೆಯುವುದು ಯಾವ ತಯಾರಕನಿಗೂ ಲಾಭದ ಮಾತಲ್ಲ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳೂ ನಮಗೆ ಒದಗುವುದಿಲ್ಲ: ಅವಕ್ಕೆ ವಾಹನ 50 ವರ್ಷ ದಾಟಿರಬೇಕು, ಎಂಜಿನ್ ಮತ್ತು ಚಾಸಿಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು.

ಎಂಜಿನ್ ಬದಲಿಸುವುದೆಂದರೆ ಪುಂಡರ ಕೆಲಸ ಎಂಬ ಭಾವನೆ ಹೊಸದು. ಮಲೆನಾಡಿನ ಕಾಫಿ ತೋಟಗಳಲ್ಲಿ ಪೆಟ್ರೋಲ್ ಜೀಪಿಗೆ ಮ್ಯಾಟಡೋರ್‌ನ ಡೀಸೆಲ್ ಎಂಜಿನ್ ಹಾಕಿಸಿ ದಶಕಗಳ ಕಾಲ ದುಡಿಸಿದ್ದನ್ನು ಆ ಭಾಗದ ಹಿರಿಯರು ಬಲ್ಲರು. ಟ್ಯಾಕ್ಸಿ ಅಂಬಾಸಿಡರ್‌ಗಳಲ್ಲೂ ಇದು ನಡೆದದ್ದೇ. ಕ್ರೀಡಾ ಕಾರುಗಳ ಚರಿತ್ರೆಯಲ್ಲಂತೂ ಇದಕ್ಕೆ ಗೌರವದ ಸ್ಥಾನವಿದೆ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ 1948ರಲ್ಲಿ ತಮ್ಮ ಮೊದಲ ಕಾರನ್ನು ಕಟ್ಟಿದ್ದು ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ, ಗೆಳತಿಯ ತಂದೆತಾಯಿಯ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ. ಇಂಗ್ಲೆಂಡಿನ ಕೆನ್ ಕಾಸ್ಟೆಲ್ಲೊ 1970ರ ಸುಮಾರಿಗೆ ಎಂಜಿಬಿ ಕಾರಿನ 1.8 ಲೀಟರ್ ಎಂಜಿನ್ ತೆಗೆದು ರೋವರ್‌ನ 3.5 ಲೀಟರ್ ಅಲ್ಯೂಮಿನಿಯಂ ವಿ8 ಕೂರಿಸಿ ಮಾರತೊಡಗಿದರು. ಎಂಟು ಸಿಲಿಂಡರಿನದಾದರೂ ಅಲ್ಯೂಮಿನಿಯಂ ಆದ್ದರಿಂದ ಅದು ಹಳೆಯ ಎರಕದ ಕಬ್ಬಿಣದ ಎಂಜಿನ್ನಿಗಿಂತ ಹೆಚ್ಚೇನೂ ಭಾರವಿರಲಿಲ್ಲ, ಕಾರಿನ ಸಮತೋಲ ಕೆಡಲಿಲ್ಲ. 1973ರಲ್ಲಿ ಕಾರ್ಖಾನೆಯೇ ಅದೇ ಜೋಡಿಯ ಎಂಜಿಬಿ ಜಿಟಿ ವಿ8 ಹೊರತಂದು 1976ರವರೆಗೆ 2,591 ಕಾರುಗಳನ್ನು ತಯಾರಿಸಿತು.

ಅಲ್ಲಿನ ಸರ್ಕಾರಗಳು ಇದನ್ನು ನಿಭಾಯಿಸಿದ ಬಗೆಯೂ ಗಮನಿಸತಕ್ಕದ್ದು. ಬ್ರಿಟನ್ನಿನಲ್ಲಿ ಮಾರ್ಪಾಡಾದ ಕಾರುಗಳಿಗೆ ದೀರ್ಘಕಾಲ ಅಂಕಪದ್ಧತಿ ನಡೆದುಬಂತು. ಮೂಲ ಚಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2. ಎಂಜಿನ್ನಿಗೆ ಬರೀ 1. ಮೂಲ ಚಾಸಿ ಸಹಿತ 8 ಅಂಕ ಉಳಿದರೆ ಹಳೆಯ ನೋಂದಣಿ ಉಳಿಯುತ್ತಿತ್ತು. ಈ ಲೆಕ್ಕ ಹಿಡಿದರೆ ಎಂಜಿನ್ನೂ ಗೇರ್‌ಬಾಕ್ಸೂ ಬೇರೆಯಾದ ನನ್ನ ಕಾರಿಗೆ 14ರಲ್ಲಿ 11 ಸಿಗುತ್ತದೆ. ಜರ್ಮನಿಯಲ್ಲಿ ಮಾನ್ಯತೆ ಪಡೆದ ತಜ್ಞ ಎಂಜಿನಿಯರ್ ವಾಹನವನ್ನು ಪರೀಕ್ಷಿಸಿ ಒಪ್ಪಿದರೆ ಬದಲಾವಣೆಯನ್ನು ದಾಖಲೆಗಳಲ್ಲಿ ನಮೂದಿಸಲಾಗುತ್ತದೆ. ಜರ್ಮನರು ನಿಯಮದ ವಿಷಯದಲ್ಲಿ ಸಡಿಲ ಜನ ಎಂದು ಯಾರೂ ಹೇಳಲಾರರು.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ನಿಜವಾಗಿ ತೂಕವಿರುವುದು ಕಳ್ಳತನದ್ದು. ಎಂಜಿನ್ ಬದಲಾವಣೆಗೆ ದಾರಿ ಬಿಟ್ಟರೆ ಕದ್ದ ಕಾರುಗಳ ಎಂಜಿನ್ನುಗಳು ಅದೇ ದಾರಿಯಲ್ಲಿ ಆರ್‌ಸಿಗೆ ನುಸುಳಿಬಿಡುತ್ತವೆ ಎಂಬ ಅಧಿಕಾರಿಗಳ ಅಳುಕು ಸಹಜವಾದದ್ದು. ಆದರೆ ಈಗ ಹಳೆಯ ವಾಹನಗಳನ್ನು ನಾಶಪಡಿಸಲು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳಿವೆ, ಅಲ್ಲಿ ಪ್ರತಿ ವಾಹನದ ದಾಖಲೆ ಇರುತ್ತದೆ. ಎಂಜಿನ್ ಯಾವ ವಾಹನದಿಂದ ಬಂದಿತು, ಆ ವಾಹನದ ನೋಂದಣಿ ರದ್ದಾಗಿದೆಯೇ ಎಂಬುದನ್ನು ಕಂಪ್ಯೂಟರಿನಲ್ಲೇ ನೋಡಬಹುದಾದ ಕಾಲ ಇದು. ಆ ದಾಖಲೆ ಮತ್ತು ಖರೀದಿ ರಸೀದಿ ಇಲ್ಲದ ಎಂಜಿನ್ನನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಲಿ. ವಾಸ್ತವದಲ್ಲಿ ಗುಟ್ಟಾಗಿ ನಡೆಯುವ ಇಂದಿನ ವ್ಯವಹಾರದಲ್ಲೇ ಕದ್ದ ಎಂಜಿನ್ನಿಗೆ ಅಡಗಲು ಹೆಚ್ಚು ಜಾಗ. ವಿಮೆಯ ಪ್ರಶ್ನೆಯೂ ಇದೆ: ಆರ್‌ಸಿಯಲ್ಲಿ ಒಂದು ಎಂಜಿನ್, ಬಾನೆಟ್ಟಿನಡಿ ಇನ್ನೊಂದು ಇರುವ ಕಾರು ಅಪಘಾತಕ್ಕೀಡಾದರೆ ಪರಿಹಾರಕ್ಕಾಗಿ ಅಲೆಯುವ ಪಾಡು ಏನೂ ಅರಿಯದ ಮೂರನೆಯವರಿಗೂ ಬರಬಹುದು.

ಪರೀಕ್ಷಿಸಬಲ್ಲವರು ನಮ್ಮಲ್ಲಿಲ್ಲವೆಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ1000 ರ‍್ಯಾಲಿಯಂತಹ ಸ್ಪರ್ಧೆಗಳಲ್ಲಿ ಪ್ರತಿ ಕಾರನ್ನೂ ಓಟಕ್ಕೆ ಮೊದಲು ತಾಂತ್ರಿಕ ತಪಾಸಣೆಗೆ ಒಡ್ಡಲಾಗುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಾಹಾ ಎಂಬ ಒರಟು ನೆಲದ ಗಾಡಿಗಳ ಸ್ಪರ್ಧೆಗೆಂದು ಕಟ್ಟುವ ವಾಹನಗಳು ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿಕೊಳ್ಳದಿದ್ದರೆ ಕಣಕ್ಕಿಳಿಯುವಂತಿಲ್ಲ. ಇದೇ ಶಿಸ್ತನ್ನು ಸಾರಿಗೆ ಇಲಾಖೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳೊಂದಿಗೆ ಜೋಡಿಸಿಕೊಳ್ಳಬಹುದು. ಕೆಲಸ ಆರಂಭಿಸುವ ಮೊದಲೇ ನಕ್ಷೆ ಸಲ್ಲಿಕೆಯಾಗಲಿ, ಅದೇ ಇಂಧನದ ಎಂಜಿನ್ನಿಗೆ ಮಾತ್ರ ಅವಕಾಶವಿರಲಿ, ಶಕ್ತಿಯ ಏರಿಕೆಗೆ ಮಿತಿಯಿರಲಿ, ಹೊಗೆಯ ಮಟ್ಟ ಮೂಲ ಎಂಜಿನ್ನಿಗಿಂತ ಕೆಳಗಿರಲಿ, ಎಂಜಿನ್ ಕೂರಿಸಿದ ಚೌಕಟ್ಟಿನ ವೆಲ್ಡಿಂಗನ್ನು ಬಣ್ಣ ಬಳಿಯುವ ಮೊದಲೇ ತೋರಿಸಬೇಕೆಂಬ ನಿಯಮವಿರಲಿ. ಬಣ್ಣ ಬಳಿದ ಮೇಲೆ ಎಲ್ಲ ವೆಲ್ಡಿಂಗೂ ಚೆನ್ನಾಗಿಯೇ ಕಾಣುತ್ತದೆ. ಶುಲ್ಕ ಎಷ್ಟಾದರೂ ಇರಲಿ; 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಸಾವಿರಗಟ್ಟಲೆ ಕೊಡುತ್ತಿರುವವರು ಇದಕ್ಕೂ ಹಿಂದೆಮುಂದೆ ನೋಡುವುದಿಲ್ಲ.

ನನ್ನ ಕಾರಿನ ಚೌಕಟ್ಟಿಗೆ ಈಗ ತಗಡು ಕೊಟ್ಟು ಹೊಸ ಫೌಂಡೇಶನ್ ಕಟ್ಟಿಸಿದ್ದೇನೆ, ಶಾಫ್ಟ್ ಹೊಸದು, ಇಂಧನದ ಕೊಳವೆ ಇಂಜೆಕ್ಷನ್ ದರ್ಜೆಯದು, ಮುಂದಿನ ಬ್ರೇಕ್ ದೊಡ್ಡದು. ಇದನ್ನು ನಮೂದಿಸಿಕೊಳ್ಳಬಹುದೇ ಎಂದು ವಿಚಾರಿಸಿದಾಗ ಕಚೇರಿಯವರು ಸೌಜನ್ಯದಿಂದಲೇ, ಅವಕಾಶವಿಲ್ಲವೆಂದು ಹೇಳಿ ಕಳುಹಿಸಿದರು. ಅವರದು ತಪ್ಪಲ್ಲ, ನಿಯಮವೇ ಹಾಗಿದೆ. ಆದ್ದರಿಂದ ಕಾರು ರಸ್ತೆಗಿಳಿದಿಲ್ಲ.

ಮೂಲ ನಿಯಮಗಳ ತಿದ್ದುಪಡಿ ಕೇಂದ್ರ ಸರ್ಕಾರದ ಕೈಯಲ್ಲಿರುವುದರಿಂದ, ತಯಾರಿಕೆ ನಿಂತ ಮಾದರಿಗಳ ಮಟ್ಟಿಗಾದರೂ ಬೇರೆ ತಯಾರಿಕೆಯ ಎಂಜಿನ್ನಿಗೆ ತಪಾಸಣೆಯ ಮೇಲೆ ಅನುಮತಿ ನೀಡುವ ಪ್ರಸ್ತಾವವನ್ನು ನಮ್ಮ ಸಾರಿಗೆ ಇಲಾಖೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಕಳುಹಿಸಬೇಕೆಂದು ಕೋರುತ್ತೇನೆ. ಅದರೊಂದಿಗೆ, ಈಗಾಗಲೇ ಎಂಜಿನ್ ಬದಲಿಸಿಕೊಂಡಿರುವವರು ಒಂದು ಗೊತ್ತುಪಡಿಸಿದ ಅವಧಿಯೊಳಗೆ ತಾವಾಗಿಯೇ ಬಂದು ವಾಹನ ತೋರಿಸಿದರೆ ಅವರ ಮೇಲೆ ದಂಡದ ಕ್ರಮ ಜರುಗಿಸದೆ ಪರೀಕ್ಷೆಗೆ ಒಳಪಡಿಸುವ ಏರ್ಪಾಡೂ ಆ ಪ್ರಸ್ತಾವದಲ್ಲಿರಲಿ. ಪರೀಕ್ಷೆಯಲ್ಲಿ ಸೋತ ಗಾಡಿಯನ್ನು, ಅದು ನನ್ನದೇ ಆಗಿರಲಿ, ದುರಸ್ತಿಯಾಗುವವರೆಗೆ ರಸ್ತೆಗಿಳಿಯದಂತೆ ತಡೆಹಿಡಿಯಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಮೈಸೂರು