ಇನ್ನು ಥರ್ಮಾಕೋಲ್ ಇಲ್ಲ, ಮೀನು ಸ್ಟೀಲ್ ಡಬ್ಬಿಯಲ್ಲಿ

ಶಿರಸಿ, ಸಿದ್ದಾಪುರದ ನಮ್ಮ ಗ್ರಾಹಕರಿಗೆ ತದಡಿಯ ಮೀನುಗಾರರ ಸಂಘದಿಂದ ನಮಸ್ಕಾರ.

ಈ ಆಗಸ್ಟ್‌ನಿಂದ ನಿಮ್ಮ ಮನೆಗೆ ಮೀನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಬರುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿಗೆ 250 ರೂಪಾಯಿ ಠೇವಣಿ, ಬೇಡವೆಂದ ದಿನ ಅಷ್ಟೂ ವಾಪಸ್. ಸಾಗಾಟಕ್ಕೆ 20 ರೂಪಾಯಿ ಜಾಸ್ತಿ. ತೊಂದರೆ ಕೊಡುತ್ತಿದ್ದೇವೆ, ಕ್ಷಮಿಸಿ.

ಆದರೆ ಆ 20 ರೂಪಾಯಿಗೆ "ಪರಿಸರದ ಹೆಸರಲ್ಲಿ ದುಡ್ಡು ಮಾಡ್ತೀರಿ" ಎಂಬ ಮಾತು ಕೇಳಿ ಬೇಜಾರಾಗಿದೆ. ಥರ್ಮಾಕೋಲ್ ಅಗ್ಗ, ಹಗುರ, ತಂಪು ಹಿಡಿಯುತ್ತದೆ. ಸ್ಟೀಲಿಗೆ ಐಸ್ ಜಾಸ್ತಿ ಬೇಕು. ಭಾರ ಬೇರೆ, ಘಟ್ಟ ಹತ್ತುವಾಗ ವ್ಯಾನ್ ಡೀಸೆಲ್ ಕುಡಿಯುತ್ತದೆ. ವಾಪಸ್ ಬಂದ ಡಬ್ಬಿಯನ್ನು ಬಿಸಿನೀರಲ್ಲಿ ವಾಸನೆ ಹೋಗುವ ಹಾಗೆ ತೊಳೆಯಬೇಕು, ಅದಕ್ಕೆ ಇಬ್ಬರ ಕೂಲಿ. 20 ರೂಪಾಯಿಯಲ್ಲಿ ಇದರ ಅರ್ಧವೂ ಹುಟ್ಟುವುದಿಲ್ಲ. ಉಳಿದದ್ದು ಸಂಘವೇ ಹೊರುತ್ತದೆ. ಈ ಖರ್ಚಿಗೆಂದು ಬಂಗಡೆ, ತಾರ್ಲೆಯ ದರಕ್ಕೆ ಒಂದು ಪೈಸೆಯೂ ಸೇರಿಸಿಲ್ಲ.

ಮತ್ತೆ ಮತ್ತೆ ಕೇಳುವ ಮಾತು ಇನ್ನೊಂದು: "ಸಮುದ್ರ ಹಾಳು ಮಾಡೋದು ಮೀನುಗಾರರೇ ಅಲ್ವಾ? ನಿಮ್ಮ ಬಲೆ ಬಿಟ್ಟು ನಮ್ಮ ಕವರ್ ಯಾಕೆ ಹಿಡೀತೀರಿ?" ಬಲೆ ನೈಲಾನ್ ಹೌದು. ಕಡಲಲ್ಲಿ ಉಳಿದ ಬಲೆಗೆ ಸಿಕ್ಕಿ ಹಕ್ಕಿ, ಆಮೆ ಸಾಯುವುದೂ ಹೌದು. ಅದಕ್ಕೇ ಹರಿದ ಬಲೆಯನ್ನು ದಡಕ್ಕೇ ತರಬೇಕೆಂದು ನಮ್ಮ ಬೋಟಿನವರಿಗೆ ಕಟ್ಟುನಿಟ್ಟು ಮಾಡಿದ್ದೇವೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ದಡದಲ್ಲಿ ಕಸದ ರಾಶಿ ಬೀಳುವುದು ಅದೇ ಮಳೆಗಾಲದಲ್ಲಿ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಚಪ್ಪಲಿ, ಥರ್ಮಾಕೋಲ್ ಚೂರು. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಕಡಲು ಸೇರುವುದು ಇಲ್ಲಿ. ನಿಮ್ಮನ್ನು ದೂರುತ್ತಿಲ್ಲ. ನಮ್ಮ ಪೆಟ್ಟಿಗೆ ಘಟ್ಟ ಹತ್ತಿ, ಹೊಳೆಯಲ್ಲಿ ವಾಪಸ್ ಬರುವುದು ಬೇಡ, ಅಷ್ಟೇ.

ಥರ್ಮಾಕೋಲ್ ಕಾಳುಕಾಳಾಗಿ ಒಡೆದು ತೇಲುತ್ತದೆ. ನೀರಿನ ಮೇಲಿಂದ ಮೇವು ಹೆಕ್ಕುವ ಹಕ್ಕಿ ಅದನ್ನೂ ನುಂಗುತ್ತದೆ. ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದರೆ ಮೇವಿನ ವಾಸನೆಯೇ ಬರುತ್ತದೆ, ದೂರ ಸಮುದ್ರದ ಕೆಲವು ಹಕ್ಕಿಗಳು ಆ ವಾಸನೆ ಹಿಡಿದೇ ಹಾರುತ್ತವೆ. ತಿಂದದ್ದು ಕರಗುವುದಿಲ್ಲ. ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಪೆಸಿಫಿಕ್‌ನ ಮಿಡ್‌ವೇ ದ್ವೀಪದಲ್ಲಿ ಸತ್ತ ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಯ ಮರಿಗಳ ಹೊಟ್ಟೆಯಲ್ಲಿ ಬಾಟಲಿ ಮುಚ್ಚಳ, ಸಿಗರೇಟ್ ಲೈಟರ್ ಸಿಕ್ಕಿವೆ. ಹೆತ್ತವರೇ ಮೇವೆಂದು ಉಣಿಸಿದ್ದು. ಇಂದಿನ ಕಡಲ ಹಕ್ಕಿಗಳಲ್ಲಿ ಸುಮಾರು ಶೇ 90ರಷ್ಟು ಪ್ಲಾಸ್ಟಿಕ್ ತಿಂದಿವೆ ಎಂದು 2015ರ ಒಂದು ಅಧ್ಯಯನ ಅಂದಾಜು ಮಾಡಿದೆ.

ನಮಗೆ ಈ ಹಕ್ಕಿಗಳು ಬೇಕು. ರೀವ ಹಕ್ಕಿಗಳು ಗುಂಪಾಗಿ ನೀರಿಗೆ ಎರಗುವ ಕಡೆ ಮೀನಿನ ಹಿಂಡು ಇರುತ್ತದೆ. ಅದನ್ನು ನೋಡಿ ಬೋಟು ತಿರುಗಿಸಿದವರು ನಾವು.

ಮೀನು ಮೊದಲಿನಷ್ಟೇ ತಾಜಾ ಇರುತ್ತದೆ. ಇಲ್ಲದಿದ್ದರೆ ವ್ಯಾನಿನ ಎದುರೇ ವಾಪಸ್ ಕೊಡಿ, ಸುಮ್ನೆ ಇಟ್ಟುಕೊಳ್ಳಬೇಡಿ. ಠೇವಣಿ ಒಂದೇ ಸಲ ಕಟ್ಟುವುದು ಕಷ್ಟವಾದರೆ ಸಂಕೋಚ ಬೇಡ, ಹೇಳಿ. ಎರಡು ಮೂರು ಬಿಲ್ಲಿನಲ್ಲಿ ಹೊಂದಿಸೋಣ.

ನಿಮ್ಮ,
ಸಂಘದ ಎಲ್ಲ ಸದಸ್ಯರು